ಆಟಕ್ಕುಂಟು, ಲೆಕ್ಕಕ್ಕಿಲ್ಲ: ಶಾಲಾ ಕ್ರೀಡಾತಂಡಗಳ ಆಯ್ಕೆಯನ್ನು ಕುರಿತು ಒಂದು ವಿವೇಚನೆ

ಪ್ರತಿವರ್ಷವೂ ಶ್ರಾವಣ ಮಾಸದ ಆಸುಪಾಸಿನಲ್ಲಿ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಒಂದು ಪಟ್ಟಿ ಹೊರಬೀಳುತ್ತದೆ. ಪರೀಕ್ಷೆಯ ಫಲಿತಾಂಶದಷ್ಟು ಗಂಭೀರವಾದುದೆಂದು ಹಿರಿಯರು ಅದನ್ನು ಎಣಿಸುವುದಿಲ್ಲ. ಆದರೆ ಹದಿಮೂರು ಹದಿನಾಲ್ಕು ವರ್ಷದ ಮಕ್ಕಳ ಮಟ್ಟಿಗೆ ಅದರ ಮಹತ್ವ ಪರೀಕ್ಷೆಗಿಂತ ಕಡಿಮೆಯದಲ್ಲ. ವಲಯ ಮಟ್ಟದ ಕಬಡ್ಡಿ, ಖೋ-ಖೋ, ವಾಲಿಬಾಲ್ ಪಂದ್ಯಗಳಿಗೆ ಶಾಲೆಯಿಂದ ಯಾರು ಹೋಗತಕ್ಕದ್ದು ಎಂಬ ಹನ್ನೆರಡು ಹೆಸರುಗಳ ಪಟ್ಟಿ ಅದು. ಮಳೆ ಬಿಡುವು ಕೊಟ್ಟ ಒಂದು ಮಧ್ಯಾಹ್ನ ವ್ಯಾಯಾಮ ಶಿಕ್ಷಕರು ಅದನ್ನು ಸೂಚನಾ ಫಲಕಕ್ಕೆ ಅಂಟಿಸುತ್ತಾರೆ. ಹೆಸರು ಕಂಡವರು ಮೈದಾನಕ್ಕೆ ಓಡುತ್ತಾರೆ. ಕಾಣದವರು ಮತ್ತೊಮ್ಮೆ ಮೇಲಿನಿಂದ ಕೆಳಕ್ಕೆ ಓದಿ, ಚೀಲ ಹೆಗಲಿಗೇರಿಸಿಕೊಂಡು ಬಸ್ ನಿಲ್ದಾಣದ ದಾರಿ ಹಿಡಿಯುತ್ತಾರೆ. ಅವರಲ್ಲಿ ಎಷ್ಟು ಮಂದಿ ಮರುದಿನ ಸಂಜೆ ಮೈದಾನದತ್ತ ಮುಖ ಮಾಡುತ್ತಾರೆಂಬುದನ್ನು ಯಾವ ಹಾಜರಿ ಪುಸ್ತಕವೂ ದಾಖಲಿಸುವುದಿಲ್ಲ.

ಈ ಪಟ್ಟಿಯನ್ನು ಸಿದ್ಧಪಡಿಸುವುದು ನ್ಯಾಯವೇ, ಆಟದಲ್ಲಿ ಹಿಂದುಳಿದವರನ್ನು ತಂಡದಿಂದ ಕೈಬಿಡುವುದು ಶಾಲೆಯೆಂಬ ಸಂಸ್ಥೆಗೆ ಒಪ್ಪುವ ಕಾರ್ಯವೇ ಎಂಬ ಪ್ರಶ್ನೆ ಹೊಸದಲ್ಲ. ಉಪಾಧ್ಯಾಯರ ಕೊಠಡಿಯಲ್ಲಿ ವರ್ಷಕ್ಕೊಮ್ಮೆಯಾದರೂ ಏಳುತ್ತದೆ. ಪಂದ್ಯ ಗೆದ್ದರೆ ಮರೆತುಹೋಗುತ್ತದೆ, ಸೋತರೆ ಬೇರೊಂದು ರೂಪದಲ್ಲಿ ಏಳುತ್ತದೆ. ಗೆಲ್ಲಲೇಬೇಕೆಂಬವರು ಒಂದು ಕಡೆ, ಎಲ್ಲರನ್ನೂ ಆಡಿಸಬೇಕೆಂಬವರು ಇನ್ನೊಂದು ಕಡೆ ನಿಂತು ವಾದಿಸುತ್ತಾರೆ. ಆದರೆ ಉಭಯ ಪಕ್ಷದವರೂ ಎರಡು ಬೇರೆ ಬೇರೆ ಕ್ರಿಯೆಗಳನ್ನು ಒಂದೇ ಎಂದು ಭಾವಿಸುವುದರಿಂದ ಈ ಚರ್ಚೆ ಬಗೆಹರಿಯದೆ ಉಳಿದಿದೆ. ಒಂದು ಪಂದ್ಯಕ್ಕೆ ಒಬ್ಬ ಹುಡುಗನನ್ನು ಆರಿಸದಿರುವುದು ಬೇರೆ, ಆ ಹುಡುಗನನ್ನು ಆಟದಿಂದಲೇ ಹೊರಗಿಡುವುದು ಬೇರೆ. ಮೊದಲನೆಯದು ಅನಿವಾರ್ಯ. ಎರಡನೆಯದು ಅನಿವಾರ್ಯವಲ್ಲ, ಆದರೂ ಅಭ್ಯಾಸಬಲದಿಂದ ಮೊದಲನೆಯದರ ಬೆನ್ನಿಗೇ ನಡೆದುಹೋಗುತ್ತದೆ.

ಮೊದಲನೆಯದು ಏಕೆ ಅನಿವಾರ್ಯವೆಂಬುದನ್ನು ತಿಳಿಯಲು ಪಂದ್ಯಾವಳಿಯ ರಚನೆಯನ್ನು ಗಮನಿಸಬೇಕು. ಕರ್ನಾಟಕದಲ್ಲಿ ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ: ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಅದರಾಚೆಗೆ 1954ರಲ್ಲಿ ಸ್ಥಾಪನೆಗೊಂಡ ಭಾರತೀಯ ಶಾಲಾ ಕ್ರೀಡಾ ಫೆಡರೇಷನ್ನಿನ ರಾಷ್ಟ್ರೀಯ ಕ್ರೀಡಾಕೂಟ. ಹದಿನಾಲ್ಕು ವರ್ಷದೊಳಗಿನವರು, ಹದಿನೇಳು ವರ್ಷದೊಳಗಿನವರು ಎಂದು ವಯೋಮಾನದ ವಿಂಗಡಣೆ. ಕಬಡ್ಡಿ ತಂಡದಲ್ಲಿ ಹನ್ನೆರಡು ಮಂದಿ. ಅಂಕಣಕ್ಕಿಳಿಯುವವರು ಏಳು, ಉಳಿದ ಐವರು ಬದಲಿ ಆಟಗಾರರು. ಖೋ-ಖೋದಲ್ಲಿ ಕಣದಲ್ಲಿರುವವರು ಒಂಬತ್ತು, ವಾಲಿಬಾಲಿನಲ್ಲಿ ಆರು. ಈ ಸಂಖ್ಯೆಗಳು ಯಾವ ಶಾಲೆಯ ಇಚ್ಛೆಗೂ ಬಾಗುವಂಥವಲ್ಲ. ಮುನ್ನೂರು ಮಕ್ಕಳಿರುವ ಶಾಲೆಯಾದರೂ ಏಳೇ ಮಂದಿ, ಮೂವತ್ತು ಮಕ್ಕಳಿರುವ ಶಾಲೆಯಾದರೂ ಏಳೇ ಮಂದಿ. ಚೆನ್ನಾಗಿ ಆಡಬಲ್ಲವನನ್ನು ಕೂರಿಸಿ ಆಡಲಾರದವನನ್ನು ಇಳಿಸುವುದು ದಯೆಯೂ ಅಲ್ಲ. ಎರಡು ವರ್ಷ ಬೆವರು ಸುರಿಸಿದವನಿಗೆ ಅದರಿಂದ ಅನ್ಯಾಯವಾಗುತ್ತದೆ. ಇಳಿದವನಂತೂ ತಾಲ್ಲೂಕು ಕ್ರೀಡಾಂಗಣದಲ್ಲಿ ಅನ್ಯ ಶಾಲೆಯ ಮಕ್ಕಳ ಕೇಕೆಯ ನಡುವೆ ಮೊದಲ ದಾಳಿಯಲ್ಲೇ ಸಿಕ್ಕಿಬಿದ್ದು ತಲೆ ತಗ್ಗಿಸಬೇಕಾಗುತ್ತದೆ. ಆದುದರಿಂದ ಸ್ಪರ್ಧೆಗೆ ಹೋಗುವ ತಂಡವನ್ನು ಸಾಮರ್ಥ್ಯದ ಮೇಲೆಯೇ ಆರಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಹಾಗೆ ಆರಿಸಿದ ತಂಡಕ್ಕೆ ದೊರೆಯುವ ಆಟವಾದರೂ ಎಷ್ಟು? ಇಂಥ ಪಂದ್ಯಗಳು ಬಹುಮಟ್ಟಿಗೆ ಸೋತವರು ಹೊರಹೋಗುವ ಕ್ರಮದಲ್ಲಿ ನಡೆಯುತ್ತವೆ. ಹದಿನಾರು ಶಾಲೆಗಳು ಸೇರಿದವೆಂದು ಇಟ್ಟುಕೊಳ್ಳೋಣ. ಒಟ್ಟು ಪಂದ್ಯಗಳು ಹದಿನೈದು. ಎಂಟು ಶಾಲೆಗಳು ಮೊದಲ ಪಂದ್ಯದಲ್ಲೇ ಹೊರಬೀಳುತ್ತವೆ, ನಾಲ್ಕು ಎರಡನೆಯದರಲ್ಲಿ. ಅಂದರೆ ಬಂದವರಲ್ಲಿ ಅರ್ಧ ಶಾಲೆಗಳ ಮಕ್ಕಳು ಆ ವರ್ಷ ಆಡುವ ಸ್ಪರ್ಧಾತ್ಮಕ ಕಬಡ್ಡಿ ಒಂದೇ ಪಂದ್ಯ. ಕಿರಿಯರ ಪಂದ್ಯವೆಂದರೆ ಹದಿನೈದು ನಿಮಿಷಗಳ ಎರಡು ಅವಧಿ. ಬೆಳಗಿನ ಬಸ್ಸಿಗೆ ಹೊರಟು ಮಧ್ಯಾಹ್ನದೊಳಗೆ ಊರಿಗೆ ಮರಳುವ ಈ ತಂಡಗಳ ಐವರು ಬದಲಿ ಆಟಗಾರರಲ್ಲಿ ಕೆಲವರು ಅಂಕಣದ ಮಣ್ಣನ್ನೂ ಮುಟ್ಟಿರುವುದಿಲ್ಲ. ಮಕ್ಕಳ ಆಟಗಳಲ್ಲಿ ತೀರ ಚಿಕ್ಕವನನ್ನು ಅಳಿಸಬಾರದೆಂದು ಸೇರಿಸಿಕೊಂಡು, ಅವನು ಔಟಾದರೂ ಎಣಿಸದೆ ಬಿಡುವ ಪದ್ಧತಿಯಿಂದ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತು ಬಂದಿತು. ಬೆಂಚಿನ ಮೇಲೆ ಕುಳಿತು ಮರಳುವ ಬದಲಿ ಆಟಗಾರನ ಸ್ಥಿತಿ ಇದಕ್ಕೆ ತದ್ವಿರುದ್ಧ: ಅವನು ಹನ್ನೆರಡರ ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಈ ಹನ್ನೆರಡರ ಕೊನೆಯ ಒಂದೆರಡು ಹೆಸರುಗಳ ವಿಚಾರವನ್ನು ಇಲ್ಲಿ ಮೃದುವಾಗಿಯಾದರೂ ಪ್ರಸ್ತಾಪಿಸದೆ ವಿಧಿಯಿಲ್ಲ. ಭಾಗವಹಿಸಿದ ಪ್ರಮಾಣಪತ್ರಕ್ಕೆ ಬೆಲೆಯಿದೆ. ರಾಷ್ಟ್ರಮಟ್ಟ ಮುಟ್ಟಿದರಂತೂ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಕ್ರೀಡಾ ಮೀಸಲಾತಿಯ ಸೌಲಭ್ಯವಿದೆ. ಆದಕಾರಣ ಹನ್ನೊಂದನೆಯ, ಹನ್ನೆರಡನೆಯ ಸ್ಥಾನಗಳಿಗೆ ಊರಿನ ಗಣ್ಯರ ಶಿಫಾರಸು ಬರುವುದು ಯಾವ ವ್ಯಾಯಾಮ ಶಿಕ್ಷಕರಿಗೂ ಹೊಸ ಅನುಭವವಲ್ಲ. ‘ಹೇಗೂ ಆಡುವವನಲ್ಲ, ಹೆಸರೊಂದು ಇರಲಿ’ ಎಂಬ ಮಾತಿನಲ್ಲಿ ಯಾರಿಗೂ ನಷ್ಟ ಕಾಣುವುದಿಲ್ಲ. ನಷ್ಟವಾಗುವುದು ಹದಿಮೂರನೆಯವನಿಗೆ. ಅವನಿಗೆ ತನ್ನ ಆಟ ಸಾಲದಾಯಿತೆಂದು ತಿಳಿಸಲಾಗಿರುತ್ತದೆ, ಮತ್ತು ಅದು ಸುಳ್ಳೆಂದು ಅವನಿಗೆ ಗೊತ್ತಿರುತ್ತದೆ.

ಇನ್ನು ಸಾಮರ್ಥ್ಯವೆಂದರೇನೆಂಬ ಪ್ರಶ್ನೆ. ಆಯ್ಕೆಯ ದಿನ ಮೈದಾನದಲ್ಲಿ ಕಾಣುವುದು ಆ ದಿನದ ಮೈಬಲ, ಆ ದಿನದ ವೇಗ. ಗಂಡುಮಕ್ಕಳ ಬೆಳವಣಿಗೆ ಅತ್ಯಂತ ತೀವ್ರವಾಗುವುದು ಸಾಮಾನ್ಯವಾಗಿ ಹದಿಮೂರು ಹದಿನಾಲ್ಕರ ಸುಮಾರಿಗೆ. ಆ ಒಂದು ವರ್ಷದಲ್ಲಿ 8ರಿಂದ 10 ಸೆಂಟಿಮೀಟರಿನಷ್ಟು ಎತ್ತರ ಹೆಚ್ಚುವುದುಂಟು. ಹೆಣ್ಣುಮಕ್ಕಳಲ್ಲಿ ಇದು ಸುಮಾರು ಎರಡು ವರ್ಷ ಮುಂಚಿತವಾಗಿಯೇ ನಡೆಯುತ್ತದೆ. ಆದರೆ ಎಲ್ಲರಿಗೂ ಒಂದೇ ವಯಸ್ಸಿನಲ್ಲಿ ನಡೆಯುವುದಿಲ್ಲ. ಎಂಟನೆಯ ತರಗತಿಯ ಒಂದೇ ಬೆಂಚಿನಲ್ಲಿ ಮೀಸೆ ಚಿಗುರಿದವನೂ ಕುಳಿತಿರುತ್ತಾನೆ, ಹಾಲುಗಲ್ಲದವನೂ ಕುಳಿತಿರುತ್ತಾನೆ. ಕಬಡ್ಡಿಯಲ್ಲಿ ಕಿರಿಯರಿಗೆ ವಯಸ್ಸಿನೊಡನೆ ತೂಕದ ಮಿತಿಯನ್ನೂ ಇಟ್ಟಿರುವುದು ಈ ಅಂತರವನ್ನು ಬಲ್ಲವರು ಮಾಡಿದ ನಿಯಮ. ಮಿತಿಯೊಳಗೂ ಮೂಳೆ ಬಲಿತವನಿಗೂ ಬಲಿಯದವನಿಗೂ ಅಂತರ ಉಳಿಯುತ್ತದೆ. ಶಿಕ್ಷಕರ ಕಣ್ಣು ಬಲಿತವನನ್ನು ‘ಆಟಗಾರ’ನೆಂದು ಗುರುತಿಸುತ್ತದೆ. ವಾಸ್ತವದಲ್ಲಿ ಅದು ಗುರುತಿಸಿದುದು ಬೆಳವಣಿಗೆಯನ್ನು, ಆಟವನ್ನಲ್ಲ.

ಹುಟ್ಟಿದ ತಿಂಗಳೂ ಇಲ್ಲಿ ಕೈಯಾಡಿಸುತ್ತದೆ. ಕೆನಡಾದ ಮನೋವಿಜ್ಞಾನಿ ರೋಜರ್ ಬಾರ್ನ್ಸ್ಲಿ ಮತ್ತು ಅವರ ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಅಲ್ಲಿನ ಐಸ್ ಹಾಕಿ ಆಟಗಾರರ ಜನ್ಮದಿನಾಂಕಗಳನ್ನು ಪರಿಶೀಲಿಸಿತು. ಶ್ರೇಷ್ಠ ಕಿರಿಯ ತಂಡಗಳಲ್ಲಿದ್ದವರಲ್ಲಿ ಜನವರಿ, ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಜನಿಸಿದವರೇ ಅಧಿಕವಾಗಿದ್ದರು; ವರ್ಷದ ಕೊನೆಯಲ್ಲಿ ಹುಟ್ಟಿದವರು ಅತ್ಯಲ್ಪ. ಅಲ್ಲಿ ವಯೋಮಾನದ ಗಡಿ ಜನವರಿ 1. ಆ ಗಡಿಯ ಹತ್ತಿರ ಹುಟ್ಟಿದವನು ತನ್ನ ಗುಂಪಿನಲ್ಲಿ ಹಿರಿಯ. ಬಾಲ್ಯದಲ್ಲಿ ಆ ಕೆಲವೇ ತಿಂಗಳುಗಳ ಹಿರಿತನದಿಂದ ಆಯ್ಕೆಯಾಗುತ್ತಾನೆ. ಆಯ್ಕೆಯಾದ್ದರಿಂದ ಹೆಚ್ಚು ತರಬೇತಿ ಪಡೆಯುತ್ತಾನೆ. ತರಬೇತಿ ಪಡೆದುದರಿಂದ ನಿಜವಾಗಿಯೂ ಉತ್ತಮನಾಗುತ್ತಾನೆ. ಇಂಥ ಪರಿಣಾಮ ಅನಂತರ ಬೇರೆ ದೇಶಗಳಲ್ಲಿ, ಬೇರೆ ಆಟಗಳಲ್ಲಿಯೂ ಕಂಡುಬಂದಿದೆ. ನಮ್ಮ ಕಡೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ತೆರೆದರೆ ಜೂನ್ 1ರಂದು ಜನಿಸಿದವರ ಸಂಖ್ಯೆಯೇ ಬೆರಗು ಹುಟ್ಟಿಸುತ್ತದೆ. ಶಾಲೆಗೆ ಸೇರಿಸುವ ಹೊತ್ತಿಗೆ ತಂದೆತಾಯಿಯರಿಗೆ ತಿಥಿ ನಕ್ಷತ್ರ ನೆನಪಿಲ್ಲದಿದ್ದರೆ ಮಾಸ್ತರು ದಯಪಾಲಿಸಿದ ಜನ್ಮದಿನವದು. ಅಂಥ ದಾಖಲೆಯನ್ನು ನಂಬಿ ಮಾಡಿದ ವಯೋವರ್ಗದಲ್ಲಿ ಯಾರು ನಿಜವಾಗಿ ಹಿರಿಯ, ಯಾರು ಕಿರಿಯ ಎಂದು ಹೇಳುವುದು ಸುಲಭವಿರಲಿಲ್ಲ. ಇಂದು ಜನನ ಪ್ರಮಾಣಪತ್ರಗಳಿಂದ ಈ ತೊಡಕು ಬಹಳಷ್ಟು ನೀಗಿದೆ. ಬೆಳವಣಿಗೆಯ ಅಂತರವಂತೂ ಪ್ರಮಾಣಪತ್ರದಿಂದ ನೀಗುವಂಥದಲ್ಲ.

ಜಿಲ್ಲೆಯ ಹೆಮ್ಮೆಯ ಆಟಗಾರರೊಬ್ಬರನ್ನು ಈ ಸಂದರ್ಭದಲ್ಲಿ ಸ್ಮರಿಸುವುದು ಉಚಿತ. ಗುಂಡಪ್ಪ ರಂಗನಾಥ ವಿಶ್ವನಾಥ್ 1949ರಲ್ಲಿ ಭದ್ರಾವತಿಯಲ್ಲಿ ಜನಿಸಿದರು. ಮಟ್ಟಸ ನಿಲುವಿನ ಆಳು. 1967-68ರಲ್ಲಿ ಮೈಸೂರು ತಂಡದ ಪರ ಆಂಧ್ರದ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯದಲ್ಲೇ 230 ಓಟ ಗಳಿಸಿದರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಮೊದಲ ಟೆಸ್ಟ್. ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯ ಸರದಿಯಲ್ಲಿ 137. ಎತ್ತರವನ್ನೇ ಅಳತೆಗೋಲಾಗಿ ಹಿಡಿದ ಯಾವನಾದರೂ ಆಯ್ಕೆಗಾರನ ಮುಂದೆ ಬಾಲಕ ವಿಶ್ವನಾಥ್ ನಿಂತಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು. ಅಥವಾ ಕಾನ್ಪುರದ ಆ ಸೊನ್ನೆಯೊಂದೇ ಅವರ ಸಾಮರ್ಥ್ಯದ ಅಳತೆಯೆಂದು ಯಾರಾದರೂ ತೀರ್ಮಾನಿಸಿದ್ದರೆ? ಟೆಸ್ಟ್ ಪಂದ್ಯದಲ್ಲಿ ಎರಡನೆಯ ಸರದಿಯೆಂಬುದು ನಿಯಮದಲ್ಲಿಯೇ ಇದೆ. ನಮ್ಮ ಶಾಲೆಗಳ ಆಯ್ಕೆಯಲ್ಲಿ ಇಲ್ಲ. ಒಂದು ಸಂಜೆ, ಒಂದು ಪರೀಕ್ಷೆ, ಒಂದು ಪಟ್ಟಿ.

ಆ ಒಂದು ಸಂಜೆಯ ಹಿಂದೆ ಇರುವ ಇತರ ಸಂಗತಿಗಳು ಇನ್ನೂ ಮುಖ್ಯವಾದುವು. ಸೊರಬದ ಕಡೆ ಆನವಟ್ಟಿ, ಜಡೆ, ಚಂದ್ರಗುತ್ತಿ, ಉಳವಿ. ಶಿಕಾರಿಪುರದ ಕಡೆ ಶಿರಾಳಕೊಪ್ಪ, ತಾಳಗುಂದ, ಉಡುಗಣಿ, ಹೊಸೂರು. ಈ ಊರುಗಳ ಸುತ್ತಣ ಹಳ್ಳಿಗಳಿಂದ ಶಾಲೆಗೆ ಬರುವ ಮಕ್ಕಳ ದಿನಚರಿಯನ್ನು ಆಳುವುದು ಗಂಟೆಯಲ್ಲ, ಬಸ್ಸು. ಸಂಜೆ ಐದರ ಬಸ್ಸು ತಪ್ಪಿದರೆ ಮುಂದಿನದು ಇದ್ದರುಂಟು, ಇಲ್ಲದಿದ್ದರಿಲ್ಲ. ತಂಡದ ಅಭ್ಯಾಸ ನಡೆಯುವುದು ಶಾಲೆ ಬಿಟ್ಟ ಅನಂತರ. ವಿದ್ಯಾರ್ಥಿನಿಲಯದಲ್ಲಿರುವ ಹುಡುಗನಿಗೆ ಪ್ರತಿದಿನ ಒಂದೂವರೆ ಗಂಟೆ ಆಟ ಲಭಿಸುತ್ತದೆ, ಊರಿಂದ ಬಂದುಹೋಗುವವನಿಗೆ ಹತ್ತು ನಿಮಿಷವೂ ಇಲ್ಲ. ಮೂರು ತಿಂಗಳ ಅನಂತರ ಇಬ್ಬರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಪರೀಕ್ಷಿಸಿದಾಗ ಒಬ್ಬ ‘ಕುಶಲ’, ಇನ್ನೊಬ್ಬ ‘ಸಾಮಾನ್ಯ’. ಇದರ ಮೇಲೆ ಜುಲೈ-ಆಗಸ್ಟ್ ತಿಂಗಳು ನಾಟಿಯ ಕಾಲ. ಗದ್ದೆ ಕೆಲಸಕ್ಕೆ ಮನೆಯಲ್ಲಿ ಕೈ ಸಾಲದಾದಾಗ ಒಂಬತ್ತನೆಯ ತರಗತಿಯ ಹುಡುಗನೂ ಒಂದು ಕೈಯೇ. ಪಟ್ಟಿ ಅಂಟುವ ವಾರವೇ ಅವನು ಶಾಲೆಯಲ್ಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಪಟ್ಟಿಯ ಪರಿಣಾಮ ಇನ್ನೂ ಕಠೋರ. ಗಂಡುಹುಡುಗ ಶಾಲಾತಂಡಕ್ಕೆ ಸೇರದಿದ್ದರೆ ಊರ ಬಯಲಿದೆ, ಕೆರೆ ದಂಡೆಯಿದೆ. ಸಂಜೆ ಅಲ್ಲಿ ಕಬಡ್ಡಿಯೋ ಕ್ರಿಕೆಟ್ಟೋ ನಡೆದೇ ನಡೆಯುತ್ತದೆ. ಹದಿನಾಲ್ಕರ ಹುಡುಗಿಗೆ ಶಾಲೆಯ ಮೈದಾನದ ಹೊರಗೆ ಆಡಲು ಸ್ಥಳವೇ ಇಲ್ಲ. ಶಾಲಾತಂಡದ ಅಭ್ಯಾಸವೆಂಬ ಕಾರಣವಿದ್ದರೆ ಮನೆಯವರು ಒಂದು ಗಂಟೆ ತಡವಾಗಿ ಬರಲು ಒಪ್ಪುತ್ತಾರೆ; ಆ ಕಾರಣ ತಪ್ಪಿದೊಡನೆ ಒಪ್ಪಿಗೆಯೂ ತಪ್ಪುತ್ತದೆ. ಹೀಗೆ ಹದಿಮೂರನೆಯವಳಾಗಿ ಹೊರಗುಳಿದ ಹುಡುಗಿಯ ಪಾಲಿಗೆ ಆ ದಿನವೇ ಆಟದ ಕೊನೆಯ ದಿನವಾಗುವುದು ಅಪರೂಪವಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊತ್ತಮೊದಲ ಖೋ-ಖೋ ವಿಶ್ವಕಪ್ಪನ್ನು ಭಾರತದ ಪುರುಷರ ತಂಡದೊಡನೆ ಮಹಿಳೆಯರ ತಂಡವೂ ಗೆದ್ದುಕೊಂಡಿತು. ಆ ಸುದ್ದಿಯನ್ನು ಪ್ರಾರ್ಥನಾ ಸಭೆಯಲ್ಲಿ ಓದಿ ಚಪ್ಪಾಳೆ ತಟ್ಟಿಸಿದ ಶಾಲೆಗಳು ಎಷ್ಟೋ. ಚಪ್ಪಾಳೆ ತಟ್ಟಿದ ಹುಡುಗಿಯರಲ್ಲಿ ಆ ಸಂಜೆ ಮೈದಾನದಲ್ಲಿ ಓಡಿದವರೆಷ್ಟು ಎಂಬುದೂ ಕೇಳತಕ್ಕ ಪ್ರಶ್ನೆಯೇ.

ಆಟದಿಂದ ಹೊರಹೋದವನನ್ನು ಏನು ಮಾಡಬೇಕೆಂಬುದನ್ನು ಕಬಡ್ಡಿಯ ಹಿರಿಯರು ಬೇರೊಂದು ಅರ್ಥದಲ್ಲಿ ಬಹಳ ಹಿಂದೆಯೇ ಚಿಂತಿಸಿದ್ದರು. ಈ ಆಟದಲ್ಲಿ ಸಾಂಪ್ರದಾಯಿಕವಾಗಿ ಮೂರು ಪ್ರಭೇದಗಳಿದ್ದುವು. ‘ಗಾಮಿನಿ’ಯಲ್ಲಿ ಔಟಾದವನು ತನ್ನ ತಂಡದವರೆಲ್ಲ ಔಟಾಗುವ ತನಕ ಹೊರಗೇ ಕೂರಬೇಕು. ‘ಅಮರ’ದಲ್ಲಿ ಔಟಾದರೂ ಅಂಕಣ ಬಿಡುವಂತಿಲ್ಲ, ಎದುರಾಳಿಗೆ ಒಂದು ಅಂಕ ಸಿಗುತ್ತದೆ, ಆಟಗಾರ ಆಡುತ್ತಲೇ ಇರುತ್ತಾನೆ. ‘ಸಂಜೀವಿನಿ’ಯಲ್ಲಿ ಔಟಾದವನು ಹೊರಗೆ ಹೋಗುತ್ತಾನೆ, ಆದರೆ ಎದುರಾಳಿಯೊಬ್ಬ ಔಟಾದೊಡನೆ ಮತ್ತೆ ಜೀವ ಪಡೆದು ಒಳಕ್ಕೆ ಬರುತ್ತಾನೆ. ಗಾಮಿನಿಯಲ್ಲಿ ಮೊದಲು ಔಟಾದ ದುರ್ಬಲ ಆಟಗಾರ ಪಂದ್ಯದ ಬಹುಭಾಗ ಪ್ರೇಕ್ಷಕನಾಗುತ್ತಾನೆ. ಅಮರದಲ್ಲಿ ತಪ್ಪಿಗೆ ಬೆಲೆ ಸಾಲದೆನ್ನುವವರುಂಟು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಷನ್ ಸ್ಥಾಪನೆಗೊಂಡ ಅನಂತರ ದೇಶಕ್ಕೆಲ್ಲ ಒಂದೇ ನಿಯಮಾವಳಿ ರೂಪುಗೊಂಡಾಗ ಉಳಿದು ಬೆಳೆದುದು ಸಂಜೀವಿನಿಯ ಮಾರ್ಗ. ಇಂದು ದೂರದರ್ಶನದಲ್ಲಿ ಲಕ್ಷಾಂತರ ಮಂದಿ ನೋಡುವ ಕಬಡ್ಡಿ ಅದೇ. ತಪ್ಪಿಗೆ ದಂಡವುಂಟು, ಮರಳಿ ಬರುವ ದಾರಿಯೂ ಉಂಟು. ಶಾಲೆಯ ಮೈದಾನದಲ್ಲಿ ಈ ಆಟವನ್ನು ಸಂಜೀವಿನಿಯ ನಿಯಮದಲ್ಲಿ ಆಡಿಸುತ್ತ, ಆಯ್ಕೆಯನ್ನು ಮಾತ್ರ ಗಾಮಿನಿಯ ನಿಯಮದಲ್ಲಿ ನಡೆಸಲಾಗುತ್ತಿದೆ.

ಖೋ-ಖೋದ ಪಾಠ ಬೇರೆ ಬಗೆಯದು. ಎರಡು ಕಂಬಗಳ ನಡುವೆ ಎಂಟು ಚೌಕಗಳಲ್ಲಿ ಎಂಟು ಮಂದಿ ಒಬ್ಬರು ಬಿಟ್ಟು ಒಬ್ಬರು ವಿರುದ್ಧ ದಿಕ್ಕಿಗೆ ಮುಖಮಾಡಿ ಕೂರುತ್ತಾರೆ, ಒಂಬತ್ತನೆಯವನು ಬೆನ್ನಟ್ಟುತ್ತಾನೆ. ಬೆನ್ನಟ್ಟುವವನು ದಿಕ್ಕು ಬದಲಿಸುವಂತಿಲ್ಲ, ಕುಳಿತವರ ಸಾಲನ್ನು ದಾಟುವಂತಿಲ್ಲ. ಓಡುವವನು ಆಚೆಗೆ ನುಸುಳಿದರೆ ಹತ್ತಿರ ಕುಳಿತವನಿಗೆ ಖೋ ಕೊಡಲೇಬೇಕು. ಎಷ್ಟೇ ಚುರುಕಿನ ಓಟಗಾರನಿದ್ದರೂ ಅವನೊಬ್ಬನೇ ಆಟವನ್ನು ಮುಗಿಸಲಾರ. ಮೂರನೆಯ ಚೌಕದಲ್ಲಿ ಕುಳಿತ ನಿಧಾನಗತಿಯವನೂ ಸರಿಯಾದ ಕ್ಷಣಕ್ಕೆ ಏಳಬೇಕು. ಆದುದರಿಂದ ಅಭ್ಯಾಸದಲ್ಲಿ ಒಂಬತ್ತು ಶ್ರೇಷ್ಠರಿದ್ದು ಎದುರಾಳಿಯಾಗಿ ಯಾರೂ ಇಲ್ಲದ ಶಾಲೆಗಿಂತ, ಒಂಬತ್ತು ಸಾಧಾರಣರ ಎರಡನೆಯ ತಂಡವನ್ನು ದಿನವೂ ಎದುರಿಗಿಟ್ಟುಕೊಂಡು ಆಡುವ ಶಾಲೆ ಮುಂದೆ ಬರುತ್ತದೆ. ಮೊದಲ ತಂಡಕ್ಕಾಗಿಯೇ ಚಿಂತಿಸುವವರಿಗೂ ಎರಡನೆಯ ತಂಡ ಬೇಕು. ಏಳು ಮಂದಿಯ ಕಬಡ್ಡಿ ತಂಡ ಯಾರ ಮೇಲೆ ದಾಳಿ ಮಾಡಿ ಕಲಿಯಬೇಕು? ಕೈಬಿಟ್ಟವರನ್ನು ಮನೆಗೆ ಕಳುಹಿಸಿದ ಶಾಲೆ ತನ್ನ ಏಳು ಮಂದಿಯನ್ನು ಮೂರೂವರೆ ಮೂರೂವರೆಯಾಗಿ ಹಂಚಿ ಆಡಿಸುವ ಪೇಚಿಗೆ ಸಿಲುಕುತ್ತದೆ.

ಎಲ್ಲರಿಗೂ ಆಟವೆಂಬ ತತ್ತ್ವವನ್ನು ದೇಶವೊಂದು ನಿಯಮವಾಗಿಯೇ ಮಾಡಿಕೊಂಡ ಉದಾಹರಣೆ ನಾರ್ವೆ. ಅಲ್ಲಿನ ಕ್ರೀಡಾ ಒಕ್ಕೂಟ 1987ರಲ್ಲಿ ಮಕ್ಕಳ ಕ್ರೀಡೆಯ ಹಕ್ಕುಗಳನ್ನು ಅಂಗೀಕರಿಸಿತು, 2007ರಲ್ಲಿ ಪರಿಷ್ಕರಿಸಿತು. ಹನ್ನೊಂದನೆಯ ವರ್ಷಕ್ಕೆ ಮುಂಚೆ ಫಲಿತಾಂಶದ ಪಟ್ಟಿ, ಶ್ರೇಯಾಂಕ ಪ್ರಕಟಿಸುವಂತಿಲ್ಲ. ಹದಿಮೂರು ತುಂಬುವ ವರ್ಷದವರೆಗೆ ರಾಷ್ಟ್ರಮಟ್ಟದ ಚಾಂಪಿಯನ್ ಪಂದ್ಯಗಳಿಲ್ಲ. ಇಂಥ ಸಡಿಲಿಕೆಯಿಂದ ಆ ದೇಶ ಕ್ರೀಡೆಯಲ್ಲಿ ಹಿಂದೆ ಬಿದ್ದಿತೇ ಎಂದರೆ, 2018ರ ಚಳಿಗಾಲದ ಒಲಿಂಪಿಕ್ಸಿನಲ್ಲಿ 39 ಪದಕಗಳೊಡನೆ ಎಲ್ಲರಿಗಿಂತ ಮುಂದಿತ್ತು. 2022ರಲ್ಲಿ 16 ಸ್ವರ್ಣಪದಕಗಳೊಡನೆ ಮತ್ತೆ ಪ್ರಥಮ. ನಾರ್ವೆಯ ಸಂಪತ್ತು ಬೇರೆ, ಮಲೆನಾಡಿನ ಅಂಚಿನ ತಾಲ್ಲೂಕುಗಳ ಪರಿಸ್ಥಿತಿ ಬೇರೆ. ಹಿಮದ ನಾಡಿನ ಪದಕಗಳಿಗೆ ಹಿಮವೂ ಕಾರಣವೇ. ಆದರೆ ಬಾಲ್ಯದಲ್ಲಿ ಜರಡಿ ಹಿಡಿಯದಿದ್ದರೆ ಮುಂದೆ ಶ್ರೇಷ್ಠರೇ ಸಿಗುವುದಿಲ್ಲವೆಂಬ ಭಯಕ್ಕೆ ಆಧಾರವಿಲ್ಲವೆಂಬಷ್ಟು ಮಾತು ಇದರಿಂದ ಸಿದ್ಧಪಡುತ್ತದೆ. ಭಾರತದಲ್ಲಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಪ್ರವೇಶದ ಸಂದರ್ಭದಲ್ಲಿ ಮಕ್ಕಳನ್ನು ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸಿದೆ. ಆಟದ ಮೈದಾನವನ್ನೂ, ಪ್ರತಿ ತರಗತಿಗೆ ಅಗತ್ಯವಾದ ಆಟದ ಸಾಮಗ್ರಿಯನ್ನೂ ಶಾಲೆಯ ಲಕ್ಷಣಗಳಲ್ಲಿ ಸೇರಿಸಿದೆ. ಪ್ರತಿ ತರಗತಿಗೆ ಎಂಬ ಪದವನ್ನು ಗಮನಿಸತಕ್ಕದ್ದು. ತಂಡಕ್ಕೆ ಎಂದಲ್ಲ.

ಈ ನೆಲಕ್ಕೂ ಇಂಥ ವಿಚಾರ ಹೊರಗಿನದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ 1162ರ ಶಾಸನ ಪ್ರಸಿದ್ಧವಾದುದು. ವೇದ, ವ್ಯಾಕರಣ, ದರ್ಶನಗಳ ಉನ್ನತ ಅಧ್ಯಯನಕ್ಕೆ ನೆಲೆಯಾಗಿದ್ದ ಆ ಸಂಸ್ಥೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರೆನ್ನದೆ ಬಂದವರಿಗೆಲ್ಲ ಅನ್ನವನ್ನೂ, ರೋಗಿಗಳಿಗೆ ಔಷಧೋಪಚಾರವನ್ನೂ ನೀಡುವ ಸ್ಥಾನವಾಗಿತ್ತೆಂದು ಅದು ತಿಳಿಸುತ್ತದೆ. ಪಾಣಿನಿಯ ವ್ಯಾಕರಣ ಎಲ್ಲರಿಗೂ ಎಟುಕುವ ವಿದ್ಯೆಯಲ್ಲ. ಅನ್ನ ಎಲ್ಲರಿಗೂ ಬೇಕಾದುದು. ಎರಡೂ ಒಂದೇ ಅಂಗಳದಲ್ಲಿದ್ದುವು. ಒಂದರ ಔನ್ನತ್ಯಕ್ಕಾಗಿ ಇನ್ನೊಂದರ ಬಾಗಿಲು ಮುಚ್ಚಲಿಲ್ಲ. ಶಾಲೆಯಲ್ಲಿ ಸ್ಪರ್ಧಾತಂಡವು ವ್ಯಾಕರಣದ ಸ್ಥಾನದಲ್ಲಿದ್ದರೆ, ಸಂಜೆಯ ಆಟ ಅನ್ನದ ಸ್ಥಾನದಲ್ಲಿದೆ.

ಹಾಗಾದರೆ ಒಬ್ಬರೇ ವ್ಯಾಯಾಮ ಶಿಕ್ಷಕರು, ಒಂದೇ ಮೈದಾನ, ಮಳೆಗಾಲದಲ್ಲಿ ಅದೂ ಅರ್ಧ ಕೆಸರು ಇರುವ ಶಾಲೆಯಲ್ಲಿ ಆಗತಕ್ಕ ಕಾರ್ಯವೇನು? ಎಂಟನೆಯ ತರಗತಿಯವರನ್ನು ಅಭ್ಯಾಸದಿಂದ ಯಾವ ಕಾರಣಕ್ಕೂ ಬಿಡಬಾರದು. ಬೆಳವಣಿಗೆಯ ಆಟ ಮುಗಿಯದೆ ಅವರ ಆಟದ ಬಗ್ಗೆ ತೀರ್ಪು ಕೊಡುವುದು ಅವಸರ. ಒಂಬತ್ತು, ಹತ್ತನೆಯ ತರಗತಿಗಳಲ್ಲಿ ಪಂದ್ಯಕ್ಕೆ ಆರಿಸುವಾಗ ಒಂದು ದಿನದ ಪರೀಕ್ಷೆಗೆ ಬದಲು ಜೂನ್‌ನಿಂದ ಬಿಡಿಬಿಡಿಯಾಗಿ ಮೂರು ನಾಲ್ಕು ದಿನ ನೋಡಬೇಕು, ನಾಟಿಗೆ ಹೋದವನಿಗೆ ಮರಳಿ ಬಂದಮೇಲೆ ಒಂದು ದಿನವಿರಬೇಕು. ಪಟ್ಟಿಯನ್ನು ಫಲಕಕ್ಕೆ ಅಂಟಿಸುವ ಮೊದಲು ಹೊರಗುಳಿದವರನ್ನು ಕರೆದು ಮಾತನಾಡಿಸುವುದಕ್ಕೆ ಹಣ ಬೇಡ, ಹತ್ತು ನಿಮಿಷ ಸಾಕು: ‘ನಿನ್ನ ಉಸಿರು ಚೆನ್ನಾಗಿದೆ, ಆದರೆ ಎದುರಾಳಿಯ ಕಾಲು ಹಿಡಿಯುವಾಗ ಒಬ್ಬನೇ ಮುಂದೆ ನುಗ್ಗುತ್ತೀಯ, ದಸರಾ ರಜೆ ಮುಗಿದ ಮೇಲೆ ಮತ್ತೆ ನೋಡೋಣ.’ ಕಾರಣ ತಿಳಿದ ಹುಡುಗ ಬೇಸರಪಟ್ಟರೂ ಮರುದಿನ ಬರುತ್ತಾನೆ. ಕಾರಣ ತಿಳಿಯದವನು ತನ್ನದೇ ಕಾರಣವನ್ನು ಕಲ್ಪಿಸಿಕೊಳ್ಳುತ್ತಾನೆ; ಅದು ಸಾಮಾನ್ಯವಾಗಿ ಜಾತಿ, ಊರು ಅಥವಾ ಮಾಸ್ತರ ಮುನಿಸು.

ಹಳ್ಳಿಯ ಮಕ್ಕಳು ತಾವೇ ತಂಡ ಕಟ್ಟುವ ಕ್ರಮವೊಂದು ಶಾಲೆಯೊಳಗಿನ ಪಂದ್ಯಗಳಿಗೆ ಅತ್ಯಂತ ಉಪಯುಕ್ತವಾದುದು. ಇಬ್ಬರು ನಾಯಕರು ಕುಳಿತುಕೊಳ್ಳುತ್ತಾರೆ. ಉಳಿದವರು ಸಮಬಲದ ಜೋಡಿಗಳಾಗಿ ದೂರ ಹೋಗಿ, ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು ‘ಹೂ ಬೇಕೋ ಹಣ್ಣು ಬೇಕೋ’ ಎಂದು ಕೇಳುತ್ತಾರೆ. ಒಬ್ಬ ನಾಯಕ ಹೂವನ್ನು ಕೇಳಿದರೆ ಹೂವಾದವನು ಆ ಕಡೆ, ಹಣ್ಣಾದವನು ಈ ಕಡೆ. ತನಗೆ ಸಮಾನನಾದವನು ಯಾರೆಂಬುದನ್ನು ಮಕ್ಕಳೇ ನಿರ್ಣಯಿಸುತ್ತಾರೆ, ಮತ್ತು ಆಶ್ಚರ್ಯವೆಂದರೆ ಬಹುಮಟ್ಟಿಗೆ ಸರಿಯಾಗಿಯೇ ನಿರ್ಣಯಿಸುತ್ತಾರೆ. ಎರಡೂ ತಂಡ ಸಮತೂಕ; ಎಲ್ಲರ ಎದುರು ಕೊನೆಯವನಾಗಿ ನಿಂತು ಅವಮಾನಪಡುವ ಪ್ರಸಂಗ ಯಾರಿಗೂ ಇಲ್ಲ. ಆಯ್ಕೆಯ ಶಾಸ್ತ್ರವನ್ನು ಓದಿದವರು ಇಷ್ಟು ಸರಳವಾದ ಉಪಾಯವನ್ನು ಇನ್ನೂ ಕಂಡುಹಿಡಿದಂತಿಲ್ಲ. ಶಾಲೆಯನ್ನು ಈ ರೀತಿ ನಾಲ್ಕು ಪಂಗಡಗಳಾಗಿ ಹಂಚಿ, ಪ್ರತಿ ಪಂಗಡವೂ ಉಳಿದ ಮೂರರೊಡನೆ ಆಡುವಂತೆ ಏರ್ಪಡಿಸಿದರೆ ಒಟ್ಟು ಆರು ಪಂದ್ಯ, ಪ್ರತಿಯೊಬ್ಬನಿಗೂ ಮೂರು. ತಾಲ್ಲೂಕು ಪಂದ್ಯಕ್ಕೆ ಹೋಗಿ ಬಂದವರಲ್ಲಿ ಅರ್ಧ ಮಂದಿಗೆ ಲಭಿಸಿದುದಕ್ಕಿಂತ ಇದು ಮೂರು ಪಾಲು.

ಆಡಲು ಮನಸ್ಸಿಲ್ಲದೆ ಆಟವನ್ನು ಪ್ರೀತಿಸುವ ಮಕ್ಕಳೂ ಇರುತ್ತಾರೆ. ಅವರಿಗೆ ಅಂಕ ಬರೆಯುವುದನ್ನು, ಗೆರೆ ಎಳೆಯುವುದನ್ನು, ಶಿಳ್ಳೆ ಹಿಡಿದು ತೀರ್ಪು ಕೊಡುವುದನ್ನು ಕಲಿಸಬಹುದು. ಅವೂ ವಿದ್ಯೆಯೇ, ಮುಂದೆ ತೀರ್ಪುಗಾರರ ಪರೀಕ್ಷೆಗೆ ದಾರಿಯೂ ಹೌದು. ಆದರೆ ಆಡಬಯಸುವವನ ಕೈಗೆ ನೀರಿನ ಕೊಡ ಕೊಟ್ಟು ‘ನೀನೂ ತಂಡದವನೇ’ ಎನ್ನುವುದು ಸಮಾಧಾನವಲ್ಲ.

ಉಳಿದುದು ದಾನಿಗಳ ವಿಚಾರ. ಕಬಡ್ಡಿಗೆ ಬೇಕಾದುದು ಹದಮಾಡಿದ ಮಣ್ಣು ಮತ್ತು ಸುಣ್ಣದ ಪುಡಿ, ಖೋ-ಖೋಗೆ ಎರಡು ಕಂಬ. ಎರಡನೆಯ ತಂಡಕ್ಕಾಗಿ ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಹಳೆಯ ವಿದ್ಯಾರ್ಥಿಗಳು ಔದಾರ್ಯದಿಂದ ಕೊಡುವ ಹಣ ಬಹುಪಾಲು ಸಮವಸ್ತ್ರಕ್ಕೆ, ಬೂಟಿಗೆ, ಢಾಲಿಗೆ ವಿನಿಯೋಗವಾಗುತ್ತದೆ. ಅವೆಲ್ಲ ಸಲ್ಲುವುದು ಆ ಹನ್ನೆರಡು ಮಂದಿಗೆ. ಗೆದ್ದ ತಂಡದ ಭಾವಚಿತ್ರದ ಕೆಳಗೆ ದಾನಿಯ ಹೆಸರು ಅಚ್ಚಾಗುವುದು ಸಹಜ, ಅದರಲ್ಲಿ ತಪ್ಪೂ ಇಲ್ಲ. ಎರಡನೆಯ ತಂಡದ ಅಗತ್ಯಗಳು ಭಾವಚಿತ್ರಕ್ಕೆ ಒದಗುವಂಥವಲ್ಲ. ಸಂಜೆ ಆಡಿದವರಿಗೆ ಹಿಡಿ ಕಡಲೆ, ಒಂದು ತುಂಡು ಬೆಲ್ಲ. ವಾರಕ್ಕೆ ಎರಡು ದಿನ ಆರೂವರೆಗೆ ಹಳ್ಳಿಯ ಕಡೆ ಹೊರಡುವ ಒಂದು ವಾಹನ. ಅದು ಸಾಧ್ಯವಾಗದಿದ್ದಲ್ಲಿ ವೇಳಾಪಟ್ಟಿಯ ಕೊನೆಯ ಅವಧಿಯನ್ನೇ ವಾರಕ್ಕೆರಡು ಬಾರಿ ಮೈದಾನಕ್ಕೆ ಬಿಟ್ಟುಕೊಡುವುದು. ಆಗ ಐದರ ಬಸ್ಸು ಯಾರಿಗೂ ತಪ್ಪುವುದಿಲ್ಲ. ಈ ಕೊನೆಯ ಏರ್ಪಾಡಿಗೆ ದಾನಿಗಳ ಹಣವೂ ಬೇಕಿಲ್ಲ, ಮುಖ್ಯೋಪಾಧ್ಯಾಯರ ಒಂದು ಸಹಿ ಸಾಕು. ಗಣಿತದ ಉಪಾಧ್ಯಾಯರ ಒಪ್ಪಿಗೆಯೂ ಬೇಕಾಗಬಹುದು. ಏಕೆಂದರೆ ಕೊನೆಯ ಅವಧಿ ಸಾಮಾನ್ಯವಾಗಿ ಅವರದೇ ಆಗಿರುತ್ತದೆ.